ವಿಡಿಯೋ ಇಂಪೋರ್ಟ್ ಆಗದಿದ್ದಾಗ ನಾನು ಮೊದಲು ಫೈಲ್ ಒಳಗೆ ನೋಡುತ್ತೇನೆ

ಬೇರೆಯವರು ಚಿತ್ರೀಕರಿಸಿದ್ದನ್ನು ಎಡಿಟ್ ಮಾಡಿಕೊಡುವುದು ನನ್ನ ಕೆಲಸ. ಯಾವ ಫೋನ್, ಯಾವ ಕ್ಯಾಮೆರಾ, ಯಾವ ಸೆಟ್ಟಿಂಗ್ ಅನ್ನುವುದು ನನ್ನ ಕೈಯಲ್ಲಿಲ್ಲ. ಒಬ್ಬರು ಸ್ಕ್ರೀನ್ ರೆಕಾರ್ಡಿಂಗ್ ಕಳಿಸುತ್ತಾರೆ, ಇನ್ನೊಬ್ಬರು ಫೋನಿನದ್ದು, ಮತ್ತೊಬ್ಬರು ಹಳೇ ಹಾರ್ಡ್‌ಡಿಸ್ಕಿನಿಂದ ಹುಡುಕಿ ತೆಗೆದ ಎವಿಐ. ಹಾಗಾಗಿ 'ಈ ಫಾರ್ಮ್ಯಾಟ್ ಸಪೋರ್ಟ್ ಆಗುವುದಿಲ್ಲ' ಅನ್ನುವ ಸಂದೇಶ ನನಗೆ ಬಹಳ ಪರಿಚಯ. ಅದನ್ನು ನಾನು ಪೂರ್ತಿ ನಂಬುವುದಿಲ್ಲ. ಫೈಲ್ ಅರ್ಧ ಕಾಪಿ ಆಗಿದ್ದರೂ ಅದೇ ಸಂದೇಶ ಬರಬಹುದು, ಆಡಿಯೋ ಒಂದೇ ಅರ್ಥವಾಗದಿದ್ದರೂ ಅದೇ ಬರಬಹುದು, ಫೈಲ್ ನಿಜಕ್ಕೂ ಹಾಳಾಗಿದ್ದರೂ ಅದೇ.

ಮೊದಲು ಫೈಲ್ ಸೈಜ್ ನೋಡುತ್ತೇನೆ. ಹತ್ತು ನಿಮಿಷದ ವಿಡಿಯೋ ಅಂತ ಹೇಳಿ ಕೆಲವೇ ಕೆಬಿ ಇದ್ದರೆ ಸಾಫ್ಟ್‌ವೇರ್ ಬಗ್ಗೆ ಯೋಚಿಸುವ ಅಗತ್ಯವೇ ಇಲ್ಲ, ಕಳಿಸಿದವರನ್ನೇ ಮತ್ತೆ ಕೇಳಬೇಕು. ಕ್ಲೌಡ್ ಫೋಲ್ಡರ್‌ನಲ್ಲಿರುವ ಫೈಲ್ ಇನ್ನೂ ಮೋಸ ಮಾಡುತ್ತದೆ. ಹೆಸರು ಕಾಣುತ್ತದೆ, ಸೈಜ್ ಕೂಡ ಕಾಣುತ್ತದೆ, ಆದರೆ ಫೈಲ್ ಇನ್ನೂ ಕಂಪ್ಯೂಟರಿಗೆ ಇಳಿದೇ ಇರುವುದಿಲ್ಲ. ಅದನ್ನು ಎಡಿಟರ್ (ಎಡಿಟಿಂಗ್ ಸಾಫ್ಟ್‌ವೇರ್) ತೆರೆಯಲು ಹೋಗಿ ಸುಮ್ನೆ ನಿಂತುಬಿಡುತ್ತದೆ. ಅದಕ್ಕೇ ಯಾವುದೇ ಪ್ರಾಜೆಕ್ಟ್ ಇರಲಿ, ಮೊದಲು ಎಲ್ಲವನ್ನೂ ಲೋಕಲ್ ಡ್ರೈವ್‌ನ ಒಂದು ಫೋಲ್ಡರ್‌ಗೆ, ಚಿಕ್ಕ ಹೆಸರು ಕೊಟ್ಟು ಹಾಕಿಕೊಳ್ಳುತ್ತೇನೆ. ವಿಂಡೋಸ್‌ನಲ್ಲಿ ಫೋಲ್ಡರ್ ಒಳಗೆ ಫೋಲ್ಡರ್ ಸೇರಿ ಪೂರ್ತಿ ವಿಳಾಸ 260 ಅಕ್ಷರ ದಾಟಿದರೆ ಎಷ್ಟೋ ಪ್ರೋಗ್ರಾಂಗಳು ಈಗಲೂ ಎಡವುತ್ತವೆ.

ಆಮೇಲೆ ವಿಎಲ್‌ಸಿ ಅನ್ನುವ ಉಚಿತ ಪ್ಲೇಯರ್‌ನಲ್ಲಿ ಹಾಕಿ ನೋಡುತ್ತೇನೆ. 'ವಿಎಲ್‌ಸಿಯಲ್ಲಿ ಓಡ್ತಿದೆ, ನಿಮ್ಮ ಸಾಫ್ಟ್‌ವೇರ್‌ನಲ್ಲೇ ಏನೋ ತೊಂದರೆ' ಅಂತ ನನಗೆ ಹೇಳದವರಿಲ್ಲ. ಆದರೆ ವಿಎಲ್‌ಸಿ ತನಗೆ ಬೇಕಾದ ಡಿಕೋಡರ್‌ಗಳನ್ನೆಲ್ಲ (ಒತ್ತಿಟ್ಟ ವಿಡಿಯೋವನ್ನು ಬಿಡಿಸಿ ತೋರಿಸುವ ಭಾಗಗಳು) ತಾನೇ ಹೊತ್ತು ತರುತ್ತದೆ, ಫೈಲ್ ಅಲ್ಲಲ್ಲಿ ಮುರಿದಿದ್ದರೂ ಹೇಗೋ ತಳ್ಳಿಕೊಂಡು ಹೋಗುತ್ತದೆ. ಎಡಿಟರ್ ಹಾಗಲ್ಲ. ಅದು ಯಾವುದೇ ಫ್ರೇಮ್‌ಗೆ ತಕ್ಷಣ ಜಿಗಿಯಬೇಕು, ಹಿಂದಕ್ಕೂ ಓಡಬೇಕು, ಆದ್ದರಿಂದ ಫೈಲ್ ಒಳಗಿನ ಲೆಕ್ಕ ಸರಿಯಾಗಿಯೇ ಇರಬೇಕು. ವಿಎಲ್‌ಸಿಯಲ್ಲೂ ಓಡದಿದ್ದರೆ ಮಾತ್ರ ನನ್ನ ಅನುಮಾನ ನೇರ ಫೈಲ್ ಮೇಲೆ.

ನಿಜವಾದ ಉತ್ತರ ಸಿಗುವುದು ಮೀಡಿಯಾಇನ್ಫೋದಲ್ಲಿ. ಉಚಿತ, ಚಿಕ್ಕದು, ಫೈಲನ್ನು ಅದರ ಮೇಲೆ ಎಳೆದು ಹಾಕಿದರೆ ಒಳಗೆ ಏನಿದೆ ಅಂತ ಪಟ್ಟಿ ಕೊಡುತ್ತದೆ. ಅಷ್ಟೂ ಓದಬೇಕಾಗಿಲ್ಲ. ವಿಡಿಯೋ ಕೋಡೆಕ್ (ವಿಡಿಯೋವನ್ನು ಒತ್ತಿಡುವ ವಿಧಾನ) ಯಾವುದು, ಬಿಟ್ ಡೆಪ್ತ್ (ಬಣ್ಣದ ಛಾಯೆಗಳು ಎಷ್ಟು ಸೂಕ್ಷ್ಮ) 8 ಅಥವಾ 10, ಕ್ರೋಮಾ (ಬಣ್ಣದ ವಿವರ ಎಷ್ಟು ಉಳಿಸಿದೆ) 4:2:0 ಅಥವಾ 4:2:2, ಫ್ರೇಮ್ ರೇಟ್ (ಸೆಕೆಂಡಿಗೆ ಎಷ್ಟು ಚಿತ್ರ) ಮೋಡ್ ಸ್ಥಿರವೋ ಬದಲಾಗುವುದೋ, ಆಡಿಯೋ ಕೋಡೆಕ್ ಯಾವುದು. ನನಗೆ ಬೇಕಾದ್ದು ಇಷ್ಟೇ.

ಎಂಪಿ4, ಎಂಒವಿ, ಎಂಕೆವಿ ಇವೆಲ್ಲ ಬರೀ ಡಬ್ಬಗಳು. ಒಳಗಿರುವ ಕೋಡೆಕ್ ಎಚ್.264 ಇರಬಹುದು, ಎಚ್‌ಇವಿಸಿ (ಎಚ್.265) ಇರಬಹುದು, ಪ್ರೋರೆಸ್ ಇರಬಹುದು. ಫೈಲ್ ಹೆಸರಿನ ಕೊನೆಯಲ್ಲಿ ಎಂಕೆವಿ ಅಳಿಸಿ ಎಂಪಿ4 ಅಂತ ಬರೆದುಬಿಡುವವರಿದ್ದಾರೆ. ಉಪ್ಪಿನ ಡಬ್ಬಕ್ಕೆ ಸಕ್ಕರೆ ಅಂತ ಚೀಟಿ ಅಂಟಿಸಿದರೆ ಕಾಫಿ ಸಿಹಿಯಾಗುತ್ತಾ? ಇಲ್ಲಿ ಬೇಕಾದ್ದು ರೀಮಕ್ಸ್, ಅಂದರೆ ಒಳಗಿನ ವಿಡಿಯೋ ಆಡಿಯೋ ಮುಟ್ಟದೆ ಡಬ್ಬ ಮಾತ್ರ ಬದಲಿಸುವುದು. ಓಬಿಎಸ್ ಅನ್ನುವ ಸ್ಕ್ರೀನ್ ರೆಕಾರ್ಡಿಂಗ್ ಪ್ರೋಗ್ರಾಂನಲ್ಲಿ ರೆಕಾರ್ಡ್ ಮಾಡಿದ ಎಂಕೆವಿ ಆಗಿದ್ದರೆ ಅದರ ಫೈಲ್ ಮೆನುವಿನಲ್ಲೇ 'ರೀಮಕ್ಸ್ ರೆಕಾರ್ಡಿಂಗ್ಸ್' ಇದೆ. ಹೊಸದಾಗಿ ಎನ್‌ಕೋಡ್ ಆಗುವುದಿಲ್ಲ, ಗುಣಮಟ್ಟ ಒಂದಿಷ್ಟೂ ಕಡಿಮೆಯಾಗುವುದಿಲ್ಲ, ದೊಡ್ಡ ಫೈಲ್ ಕೂಡ ಕಾಪಿ ಮಾಡುವಷ್ಟು ಹೊತ್ತಿನಲ್ಲಿ ಮುಗಿಯುತ್ತದೆ. ಇದು ಗೊತ್ತಿಲ್ಲದೆ ಗಂಟೆಗಟ್ಟಲೆ ಕನ್ವರ್ಟ್ ಮಾಡುತ್ತಾ ಕೂರುವವರನ್ನು ನೋಡಿದರೆ ಪಾಪ ಅನ್ನಿಸುತ್ತದೆ.

ಟೈಮ್‌ಲೈನ್‌ನಲ್ಲಿ (ಎಡಿಟರ್‌ನಲ್ಲಿ ಕ್ಲಿಪ್‌ಗಳನ್ನು ಸಾಲಾಗಿ ಜೋಡಿಸುವ ಜಾಗ) ಆಡಿಯೋ ಬಂತು, ಚಿತ್ರ ಬರಲಿಲ್ಲ ಅಂದರೆ ಬಹುತೇಕ ಎಚ್‌ಇವಿಸಿ. ಐಫೋನ್‌ಗಳು 2017ರ ಐಒಎಸ್ 11ರಿಂದ ಇದರಲ್ಲೇ ರೆಕಾರ್ಡ್ ಮಾಡಬಲ್ಲವು. ಜಾಗ ಉಳಿಯುತ್ತದೆ, ಆದರೆ ಡಿಕೋಡ್ ಮಾಡಲು ಕಂಪ್ಯೂಟರಿಗೆ ಜಾಸ್ತಿ ಕೆಲಸ. ವಿಂಡೋಸ್‌ನಲ್ಲಿ ಕೆಲವು ಪ್ರೋಗ್ರಾಂಗಳಿಗೆ ಮೈಕ್ರೋಸಾಫ್ಟ್ ಸ್ಟೋರ್‌ನ ಎಚ್‌ಇವಿಸಿ ಎಕ್ಸ್‌ಟೆನ್ಷನ್ ಹಾಕಿದರೆ ಸಾಕು. ವಿಂಡೋಸ್‌ನ 'ಎನ್' ಆವೃತ್ತಿ ಆಗಿದ್ದರೆ ಮೀಡಿಯಾ ಫೀಚರ್ ಪ್ಯಾಕ್ ಬೇರೆ ಹಾಕಿಕೊಳ್ಳಬೇಕು. ಮುಂದೆ ಶೂಟ್ ಮಾಡುವವರಿಗೆ ನಾನು ಹೇಳುವುದು, ಫೋನಿನ ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಫಾರ್ಮ್ಯಾಟ್ಸ್‌ಗೆ ಹೋಗಿ 'ಮೋಸ್ಟ್ ಕಂಪ್ಯಾಟಿಬಲ್' ಆರಿಸಿ ಅಂತ. ಇನ್ನು ಚಿತ್ರ ಬಂದು ದನಿ ಬರದಿದ್ದರೆ ಆಡಿಯೋ ಸಾಲು ನೋಡಿ. ಎಸಿ3 ಅಥವಾ ಓಪಸ್ ಇದ್ದರೆ ಕೆಲವು ಎಡಿಟರ್‌ಗಳಿಗೆ ಆಗಿಬರುವುದಿಲ್ಲ. ಆಡಿಯೋ ಮಾತ್ರ ವೇವ್‌ಗೆ ಬದಲಿಸಿ ಹಾಕಿಕೊಂಡರಾಯಿತು, ಚಿತ್ರವನ್ನು ಮುಟ್ಟುವುದೇ ಬೇಡ.

ನನ್ನ ತಲೆ ಅತಿ ಹೆಚ್ಚು ತಿಂದಿರುವುದು ಮಾತ್ರ ಬದಲಾಗುವ ಫ್ರೇಮ್ ರೇಟ್. ಯಾಕೆಂದರೆ ಇದರಲ್ಲಿ ಇಂಪೋರ್ಟ್ ಆರಾಮಾಗಿ ಆಗಿಬಿಡುತ್ತದೆ. ಮೊದಲ ನಿಮಿಷದಲ್ಲಿ ತುಟಿ, ಮಾತು ಎರಡೂ ಸರಿ ಇರುತ್ತವೆ. ಇಪ್ಪತ್ತನೇ ನಿಮಿಷಕ್ಕೆ ಬಂದರೆ ಮಾತು ಒಂದು ಕಡೆ, ಬಾಯಿ ಒಂದು ಕಡೆ. ಫೋನ್‌ಗಳು ಬೆಳಕು ಕಡಿಮೆಯಾದಾಗ ಅಥವಾ ಪ್ರೊಸೆಸರ್ ಮೇಲೆ ಭಾರ ಬಿದ್ದಾಗ ಫ್ರೇಮ್‌ಗಳನ್ನು ಕಡಿಮೆ ಮಾಡುತ್ತವೆ, ಮತ್ತೆ ಏರಿಸುತ್ತವೆ. ಪ್ರತಿ ಫ್ರೇಮ್‌ಗೂ ಅದರದೇ ಸಮಯದ ಮುದ್ರೆ ಇರುವುದರಿಂದ ಪ್ಲೇಯರ್ ಅದನ್ನು ನೋಡಿಕೊಂಡು ಸರಿಯಾಗಿ ತೋರಿಸುತ್ತದೆ. ಎಡಿಟರ್‌ನ ಟೈಮ್‌ಲೈನ್ ಮಾತ್ರ ಸಮ ಅಂತರದ ಮನೆಗಳಿದ್ದಂತೆ, ಪ್ರತಿ ಮನೆಗೆ ಒಂದು ಫ್ರೇಮ್. ಹೊಸ ಆವೃತ್ತಿಗಳು ಇದನ್ನು ಮೊದಲಿಗಿಂತ ಚೆನ್ನಾಗಿ ನಿಭಾಯಿಸುತ್ತವೆ, ನಿಜ. ಆದರೂ ಉದ್ದದ ಸಂದರ್ಶನ ಬಂದರೆ ನಾನು ಆ ಭರವಸೆ ಇಟ್ಟುಕೊಳ್ಳುವುದಿಲ್ಲ. ಮೀಡಿಯಾಇನ್ಫೋದಲ್ಲಿ 'ವೇರಿಯಬಲ್' ಅಂತ ಕಂಡರೆ, ಕನಿಷ್ಠ ಮತ್ತು ಗರಿಷ್ಠದ ನಡುವೆ ಎಷ್ಟು ದೂರ ಇದೆ ಅಂತ ನೋಡಿ, ದೂರ ಜಾಸ್ತಿ ಇದ್ದರೆ ಹ್ಯಾಂಡ್‌ಬ್ರೇಕ್ ಅನ್ನುವ ಉಚಿತ ಕನ್ವರ್ಟರ್‌ಗೆ ಹಾಕುತ್ತೇನೆ. ವಿಡಿಯೋ ಟ್ಯಾಬ್‌ನಲ್ಲಿ ಫ್ರೇಮ್ ರೇಟ್ 30 ಕೊಟ್ಟು, 'ಕಾನ್ಸ್ಟಂಟ್' ಆಯ್ಕೆ ಮಾಡಿ, ಗುಣಮಟ್ಟದ ಆರ್‌ಎಫ್ ಸಂಖ್ಯೆಯನ್ನು 18ರ ಆಸುಪಾಸಿಗೆ ಇಳಿಸುತ್ತೇನೆ. ಆ ಸಂಖ್ಯೆ ಕಡಿಮೆಯಾದಷ್ಟೂ ಗುಣಮಟ್ಟ ಹೆಚ್ಚು, ಫೈಲ್ ದೊಡ್ಡದು. ಇದನ್ನು ಎಡಿಟ್ ಶುರು ಮಾಡುವ ಮೊದಲೇ ಮಾಡಬೇಕು. ಅರ್ಧ ಕತ್ತರಿಸಿದ ಮೇಲೆ ಮಾಡಿದರೆ ಕಟ್‌ಗಳೆಲ್ಲ ಅತ್ತಿತ್ತ ಸರಿಯುತ್ತವೆ.

ಜೀವ ಹಿಂಡುವ ಇನ್ನೊಂದು ಬಗೆ ಅರ್ಧಕ್ಕೆ ನಿಂತ ರೆಕಾರ್ಡಿಂಗ್. ಬ್ಯಾಟರಿ ಮುಗಿಯಿತು, ಕಾರ್ಡ್ ಎಳೆದರು, ಕರೆಂಟ್ ಹೋಯಿತು. ಫೈಲ್ ನೋಡಿದರೆ ಮೂರು ಜಿಬಿ ಇದೆ, ಯಾವುದರಲ್ಲೂ ತೆರೆಯುವುದಿಲ್ಲ. ಎಂಪಿ4ನಲ್ಲಿ ಯಾವ ಫ್ರೇಮ್ ಎಲ್ಲಿದೆ ಅನ್ನುವ ಸೂಚಿ ಒಂದು ಕಡೆ ಇರುತ್ತದೆ, ಅದಕ್ಕೆ 'ಮೂವ್' ಅಂತ ಹೆಸರು. ಸಾಮಾನ್ಯವಾಗಿ ಅದನ್ನು ರೆಕಾರ್ಡಿಂಗ್ ಮುಗಿದಾಗ ಬರೆಯುತ್ತಾರೆ. ನಿಲ್ಲಿಸುವ ಮೊದಲೇ ಕ್ಯಾಮೆರಾ ಆಫ್ ಆದರೆ ವಿಡಿಯೋ ಎಲ್ಲ ಇರುತ್ತದೆ, ಸೂಚಿ ಮಾತ್ರ ಇರುವುದಿಲ್ಲ. ಇಂಥದ್ದನ್ನು ಯಾವ ಕನ್ವರ್ಟರ್‌ಗೆ ಹಾಕಿದರೂ ಪ್ರಯೋಜನವಿಲ್ಲ. ನಾನು ಬಳಸುವುದು ಅನ್‌ಟ್ರಂಕ್ ಅನ್ನುವ ಉಚಿತ ಸಾಧನ. ಅದೇ ಕ್ಯಾಮೆರಾದಲ್ಲಿ, ಅದೇ ಸೆಟ್ಟಿಂಗ್‌ನಲ್ಲಿ ತೆಗೆದ ಇನ್ನೊಂದು ಒಳ್ಳೆಯ ಕ್ಲಿಪ್ ಬೇಕು. ಅದನ್ನು ಮಾದರಿಯಾಗಿಟ್ಟುಕೊಂಡು ಕಳೆದುಹೋದ ಸೂಚಿಯನ್ನು ಮತ್ತೆ ಕಟ್ಟಲು ಅದು ನೋಡುತ್ತದೆ. ಹಾಗಾಗಿ ಫೈಲ್ ತೆರೆಯುತ್ತಿಲ್ಲ ಅಂತ ಯಾರಾದರೂ ಹೇಳಿದರೆ ನಾನು ಮೊದಲು ಹೇಳುವುದು, ಆ ಕಾರ್ಡಿನ ಮೇಲೆ ಬೇರೇನೂ ರೆಕಾರ್ಡ್ ಮಾಡಬೇಡಿ, ಅದರಲ್ಲಿರುವ ಇನ್ನೊಂದು ಕ್ಲಿಪ್ ಕೂಡ ಕಳಿಸಿ. ಯಾವಾಗಲೂ ಪೂರ್ತಿ ಸಿಗುತ್ತದೆ ಅಂತ ಅಲ್ಲ. ಕೆಲವು ಸಲ ಆಡಿಯೋ ಮಾತ್ರ ಉಳಿಯುತ್ತದೆ. ಓಬಿಎಸ್ ಬಳಸುವವರು ಎಂಕೆವಿಯಲ್ಲೋ, 30.2 ಆವೃತ್ತಿಯಿಂದ ಬಂದ ಹೈಬ್ರಿಡ್ ಎಂಪಿ4ನಲ್ಲೋ ರೆಕಾರ್ಡ್ ಮಾಡಿದರೆ ಕರೆಂಟ್ ಹೋದರೂ ಅಲ್ಲಿಯವರೆಗಿನದ್ದು ಉಳಿಯುತ್ತದೆ.

ಕ್ಯಾಮ್‌ಕಾರ್ಡರ್ ಫೈಲ್‌ಗಳ ಬಗ್ಗೆ ಒಂದು ಮಾತು. ಎಫ್‌ಎಟಿ32 ವಿಧಾನದಲ್ಲಿ ಫಾರ್ಮ್ಯಾಟ್ ಆದ ಕಾರ್ಡಿನಲ್ಲಿ ಒಂದು ಫೈಲ್ 4 ಜಿಬಿ ದಾಟುವಂತಿಲ್ಲ. ಅದಕ್ಕೇ ಉದ್ದದ ರೆಕಾರ್ಡಿಂಗನ್ನು ಕ್ಯಾಮೆರಾ ತುಂಡು ಮಾಡುತ್ತದೆ. ಎವಿಸಿಎಚ್‌ಡಿ ಅನ್ನುವ ಕ್ಯಾಮ್‌ಕಾರ್ಡರ್ ಫಾರ್ಮ್ಯಾಟ್‌ನಲ್ಲಿ ಆ ತುಂಡುಗಳ ಸಂಬಂಧ ಪಕ್ಕದ ಬೇರೆ ಫೋಲ್ಡರ್‌ಗಳಲ್ಲಿ ಬರೆದಿರುತ್ತದೆ. ಬರೀ ಎಂಟಿಎಸ್ (ವಿಡಿಯೋ) ಫೈಲ್‌ಗಳನ್ನು ಆರಿಸಿ ತಂದರೆ ಕೊಂಡಿ ಕಳಚಿ, ಸೇರುವ ಜಾಗದಲ್ಲಿ ಆಡಿಯೋ ಚೂರು ಹಾರುತ್ತದೆ. ಕಾರ್ಡನ್ನು ಇದ್ದ ಹಾಗೆಯೇ ಪೂರ್ತಿ ಕಾಪಿ ಮಾಡಿ.

ಫೈಲ್ ಸರಿಯಿದ್ದೂ ಹಸಿರು ಪರದೆ, ಕಲಸಿದ ಚಿತ್ರ ಬಂದರೆ ಸೆಟ್ಟಿಂಗ್‌ನಲ್ಲಿ ಹಾರ್ಡ್‌ವೇರ್ ಡಿಕೋಡಿಂಗ್ ಆಫ್ ಮಾಡಿ ನೋಡುತ್ತೇನೆ. ಆಗ ಸರಿಯಾದರೆ ಗ್ರಾಫಿಕ್ಸ್ ಡ್ರೈವರ್ ಕಡೆ ಗಮನ. ನಿನ್ನೆ ಓಡುತ್ತಿದ್ದದ್ದು ಇವತ್ತು ಓಡದಿದ್ದರೆ ಮೀಡಿಯಾ ಕ್ಯಾಶ್ (ಎಡಿಟರ್ ತಾನೇ ಮಾಡಿಟ್ಟುಕೊಳ್ಳುವ ತಾತ್ಕಾಲಿಕ ಫೈಲ್‌ಗಳು) ಅಳಿಸುತ್ತೇನೆ. ಕೋಡೆಕ್ ಪ್ಯಾಕ್ ಅಂತ ಸಿಗುವುದನ್ನು ಮಾತ್ರ ಹಾಕುವುದಿಲ್ಲ. ಈಗಿನ ಎಡಿಟರ್‌ಗಳು ಹೆಚ್ಚಾಗಿ ತಮ್ಮದೇ ಡಿಕೋಡರ್ ಬಳಸುತ್ತವೆ, ಆ ಪ್ಯಾಕಿನಿಂದ ಲಾಭಕ್ಕಿಂತ ಗೋಜಲೇ ಜಾಸ್ತಿ.

ಇದ್ಯಾವುದೂ ಆಗದಿದ್ದರೆ, ಅಥವಾ 10 ಬಿಟ್ 4:2:2 ಫೈಲ್ ತೆರೆದರೂ ತೆವಳುತ್ತಿದ್ದರೆ, ಶಟರ್ ಎನ್‌ಕೋಡರ್ ಅನ್ನುವ ಕನ್ವರ್ಟರ್‌ನಲ್ಲಿ, ಎಡಿಟಿಂಗ್‌ಗೆಂದೇ ಇರುವ ಪ್ರೋರೆಸ್ 422 ಅಥವಾ ಡಿಎನ್‌ಎಕ್ಸ್‌ಎಚ್‌ಆರ್ ಕೋಡೆಕ್‌ಗೆ ಬದಲಿಸುತ್ತೇನೆ. ಸಿನೆಪ್ಯಾಕ್, ಸೊರೆನ್ಸನ್ ಕೋಡೆಕ್‌ಗಳ ಕಾಲದ ಹಳೇ ಎಂಒವಿಗಳಿಗೂ ಇದೇ ದಾರಿ. ವಿಂಡೋಸ್‌ಗೆ ಕ್ವಿಕ್‌ಟೈಮ್ (ಎಂಒವಿ ಓಡಿಸುವ ಆಪಲ್‌ನ ಪ್ಲೇಯರ್) ಬೆಂಬಲ 2016ರಲ್ಲೇ ನಿಂತಿದೆ, ಅದನ್ನು ಹುಡುಕಿ ಹಾಕುವುದು ಬೇಡ. ಡಿಸ್ಕ್ ಜಾಗ ಮಾತ್ರ ಮೊದಲೇ ನೋಡಿಕೊಳ್ಳಿ. 1080ಪಿ, 30 ಫ್ರೇಮ್‌ನ ಪ್ರೋರೆಸ್ 422 ಒಂದು ಗಂಟೆಗೆ ಸುಮಾರು 66 ಜಿಬಿ ತಿನ್ನುತ್ತದೆ. ಹೊಸ ಫೈಲ್‌ಗೆ ಹಳೆಯದರ ಹೆಸರನ್ನೇ ಇಟ್ಟು ಬೇರೆ ಫೋಲ್ಡರ್‌ಗೆ ಹಾಕಿ, ಮೂಲ ಫೈಲನ್ನು ಪ್ರಾಜೆಕ್ಟ್ ಮುಗಿಯುವ ತನಕ ಇಟ್ಟುಕೊಳ್ಳುತ್ತೇನೆ. ಆಗ ಪ್ರಾಜೆಕ್ಟ್‌ನಲ್ಲಿ ರೀಲಿಂಕ್ ಕೊಟ್ಟು ಫೋಲ್ಡರ್ ತೋರಿಸಿದರೆ ಸಾಕು, ಎಡಿಟರ್ ಹೆಸರು ನೋಡಿ ಕ್ಲಿಪ್‌ಗಳನ್ನು ತಾನೇ ಜೋಡಿಸಿಕೊಳ್ಳುತ್ತದೆ.