ಪ್ರೆಡೇಟರ್ ಸಿನಿಮಾಗಳಲ್ಲಿ ಬೇಟೆ ದೀಕ್ಷೆ: ಯಾವುದನ್ನು ಮೊದಲು ನೋಡಬೇಕು, ಎಲ್ಲಿ ಕಣ್ಣಿಡಬೇಕು

ಪ್ರೆಡೇಟರ್ ಅಂದ ತಕ್ಷಣ ನೆನಪಾಗೋದು ದಟ್ಟ ಕಾಡು, ಮೈಗೆಲ್ಲ ಕೆಸರು ಮೆತ್ತಿಕೊಂಡ ಆರ್ನಾಲ್ಡ್, ಬೇರೆ ಗ್ರಹದಿಂದ ಬೇಟೆಗೆ ಬಂದು ಕಣ್ಣಿಗೆ ಕಾಣದೆ ಮರದಿಂದ ಮರಕ್ಕೆ ಹಾರುವ ಜೀವಿ. ಆದರೆ ಈ ಸರಣಿಯೊಳಗೆ ಇನ್ನೊಂದು ಎಳೆ ಇದೆ. ಈ ಜೀವಿಗಳಲ್ಲಿ ವಯಸ್ಸು ಬಂತು ಅಂತ ಯಾರೂ ಸುಮ್ನೆ ಬೇಟೆಗಾರರಾಗಲ್ಲ. ಪರೀಕ್ಷೆ ಗೆಲ್ಲಬೇಕು, ಗುರುತು ಹಾಕಿಸಿಕೊಳ್ಳಬೇಕು, ಹಿರಿಯರು ಒಪ್ಪಬೇಕು. ಆಮೇಲೆ ಕುಲದಲ್ಲಿ ಜಾಗ.

ಆ ಎಳೆ ಹಿಡಿದು ನೋಡಬೇಕು ಅಂದರೆ ಬಿಡುಗಡೆಯಾದ ಕ್ರಮವನ್ನು ಮರೆತುಬಿಡಿ. 2004, 2022, 2025, ಕೊನೆಗೆ 1987 ಮತ್ತು 1990. ಈ ಕ್ರಮದಲ್ಲಿ ನೋಡಿ. ಕಥೆಯ ಗುಟ್ಟುಗಳು ಮುಂದೆ ಬರುತ್ತವೆ, ಬೇಡ ಅನ್ನುವವರು ಸಿನಿಮಾ ನೋಡಿ ಬಂದು ಓದಿ.

ನೋಡುವಾಗ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಬೇಟೆಗಾರ ಏನನ್ನು ಕೆಳಗಿಟ್ಟ? ಎಷ್ಟು ಜನರನ್ನು ಕೊಂದ ಅನ್ನೋ ಲೆಕ್ಕ ಬೇಡ, ಅದನ್ನು ಟ್ರೈಲರ್ ನೋಡಿದರೂ ಹೇಳಬಹುದು. ಯಾವ ಆಯುಧ ಬಿಟ್ಟುಕೊಟ್ಟ, ಯಾರು ನೋಡುತ್ತಿದ್ದರು, ಗುರುತು ಎಲ್ಲಿ ಬಿತ್ತು, ಇಷ್ಟು ಸಾಕು.

ಮೊದಲು ಪಾಲ್ ಡಬ್ಲ್ಯೂ. ಎಸ್. ಆಂಡರ್ಸನ್ ನಿರ್ದೇಶನದ ಏಲಿಯನ್ ವರ್ಸಸ್ ಪ್ರೆಡೇಟರ್, 2004ರದ್ದು. ಸಿನಿಮಾ ಅಂಥಾ ಚೆನ್ನಾಗೇನಿಲ್ಲ, ನಿಜ ಹೇಳಿಬಿಡುತ್ತೇನೆ. ಆದರೆ ಆಚರಣೆಯನ್ನು ಪಾಠದ ಥರ ಬಿಡಿಸಿ ಹೇಳೋದು ಇದೊಂದೇ, ಅದಕ್ಕೇ ಮೊದಲು. ಬುವೆ ಅನ್ನೋ ದ್ವೀಪದಲ್ಲಿ, 2000 ಅಡಿ ಮಂಜಿನ ಕೆಳಗೆ ಒಂದು ಪಿರಮಿಡ್. ನೂರು ವರ್ಷಕ್ಕೊಮ್ಮೆ ಎಳೆಯ ಬೇಟೆಗಾರರು ಅಲ್ಲಿಗೆ ಬರುತ್ತಾರೆ. ಮನುಷ್ಯರ ಎದೆಯೊಳಗೆ ಏಲಿಯನ್‌ಗಳನ್ನು (ಏಲಿಯನ್ ಸಿನಿಮಾಗಳ ರಾಕ್ಷಸ ಪ್ರಾಣಿಗಳು) ಬೆಳೆಸಿ, ಹುಟ್ಟಿ ಬಂದದ್ದನ್ನು ಬೇಟೆಯಾಡಿ ದೊಡ್ಡವರಾಗುತ್ತಾರೆ. ಮನುಷ್ಯ ಇಲ್ಲಿ ಶತ್ರುವೂ ಅಲ್ಲ, ಬರೀ ಪರೀಕ್ಷೆಯ ಸಾಮಗ್ರಿ.

ಇಲ್ಲಿ ಗಮನಿಸಬೇಕಾದದ್ದು ಭುಜದ ಮೇಲಿನ ಫಿರಂಗಿ. ಮೂವರು ಹುಡುಗರು ಅದಿಲ್ಲದೇ ಇಳಿದು ಬರುತ್ತಾರೆ. ಫಿರಂಗಿಗಳು ಪಿರಮಿಡ್ಡಿನ ಒಳಗೆ ಒಂದು ಕಲ್ಲಿನ ಪೆಟ್ಟಿಗೆಯಲ್ಲಿವೆ, ಅಲ್ಲಿವರೆಗೂ ಹೋಗಿ ತೆಗೆದುಕೊಳ್ಳಬೇಕು. ಅಷ್ಟರಲ್ಲಿ ಮನುಷ್ಯರು ಅವನ್ನು ಎತ್ತಿಕೊಂಡಿರುತ್ತಾರೆ, ಇಡೀ ಆಚರಣೆ ಅಲ್ಲೇ ಕೆಡುತ್ತದೆ. ಇಬ್ಬರು ಸಾಯುತ್ತಾರೆ. ಉಳಿದವನು ತನ್ನ ಮೊದಲ ಏಲಿಯನ್ನನ್ನು ಕೊಂದಾಗ ಮುಖವಾಡ ತೆಗೆದು, ಆ ಸುಡುವ ರಕ್ತದಿಂದ ಹಣೆಯ ಮೇಲೆ ಗುರುತು ಕೊರೆದುಕೊಳ್ಳುತ್ತಾನೆ. ಅಲ್ಲಿ ಸಿನಿಮಾ ನಿಲ್ಲಿಸಿ ನೋಡಿ. ಸುತ್ತ ಅವನ ಕುಲದವರು ಯಾರೂ ಇಲ್ಲ, ಚಪ್ಪಾಳೆ ಇಲ್ಲ, ತನ್ನ ದೀಕ್ಷೆಯನ್ನು ತಾನೇ ಮುಗಿಸಿಕೊಳ್ಳುತ್ತಾನೆ. ಆಮೇಲೆ ಇದೇ ಗುರುತನ್ನು ಲೆಕ್ಸ್ ಅನ್ನೋ ಮನುಷ್ಯ ಹೆಂಗಸಿನ ಕೆನ್ನೆಗೂ ಹಾಕುತ್ತಾನೆ. ಅವಳು ಅವನ ಪಕ್ಕದಲ್ಲಿ ನಿಂತು ಹೋರಾಡಿದವಳು, ಲೆಕ್ಕ ಸರಿಯಾಗಿದೆ. ಕೊನೆಯಲ್ಲಿ ಬೇಟೆಗಾರರ ಆಕಾಶನೌಕೆ ಕಾಣಿಸಿಕೊಂಡು ಹಿರಿಯನೊಬ್ಬ ಅವಳ ಕೆನ್ನೆ ನೋಡಿ ಈಟಿ ಕೊಟ್ಟು ಹೋಗುತ್ತಾನೆ. ಗುರುತು ಇದ್ದರೆ ಜಾತಿ ಯಾವುದಾದರೇನು!

ಎರಡನೆಯದು ಡ್ಯಾನ್ ಟ್ರಾಕ್ಟೆನ್‌ಬರ್ಗ್ ನಿರ್ದೇಶನದ ಪ್ರೇ, 2022. ಸಮಯ ಕಡಿಮೆ ಇದ್ದರೆ ಉಳಿದಿದ್ದೆಲ್ಲ ಬಿಟ್ಟು ಇದೊಂದನ್ನೇ ನೋಡಿ. 1719ರ ಉತ್ತರ ಅಮೆರಿಕದ ಬಯಲು, ಅಲ್ಲಿನ ಮೂಲನಿವಾಸಿಗಳಾದ ಕಮಾಂಚಿ ಜನ. ನಾರು ಅನ್ನೋ ಹುಡುಗಿಗೆ ತನ್ನ ಕುಲದ ದೊಡ್ಡ ಬೇಟೆಗೆ ಹೋಗಬೇಕು, ತನ್ನನ್ನೇ ಬೇಟೆಯಾಡುತ್ತಿರುವ ಪ್ರಾಣಿಯನ್ನು ಬೇಟೆಯಾಡೋ ಪರೀಕ್ಷೆ ಅದು. ಅಣ್ಣ ತಾಬೆ ಪ್ಯೂಮಾ ಹೊಡೆದುಕೊಂಡು ಬಂದು ಮುಖ್ಯಸ್ಥನಾಗುತ್ತಾನೆ, ಇವಳು ಮರದಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡು ಬರುತ್ತಾಳೆ.

ಈಗ ಅದೇ ಹೊತ್ತಿಗೆ ಇನ್ನೊಬ್ಬ ಏನು ಮಾಡುತ್ತಿದ್ದಾನೆ ನೋಡಿ. ಇರುವೆಯನ್ನು ಇಲಿ ಹಿಡಿಯುತ್ತದೆ, ಇಲಿಯನ್ನು ಹಾವು ಹಿಡಿಯುತ್ತದೆ, ಹಾವನ್ನು ಪ್ರೆಡೇಟರ್ ಸೀಳುತ್ತಾನೆ. ಆಮೇಲೆ ತೋಳ. ಆಮೇಲೆ ಕರಡಿ, ಅದನ್ನು ತಲೆಯ ಮೇಲೆ ಎತ್ತಿ ಹಿಡಿದಾಗ ರಕ್ತ ಅವನ ಮೈಮೇಲೆ ಸುರಿದು, ಕಾಣದಿದ್ದ ಆಕಾರ ಕಾಣುತ್ತದೆ. ಅವನು ದೀಕ್ಷೆಗೆ ಬಂದ ಹುಡುಗ ಅಂತ ಸಿನಿಮಾ ಎಲ್ಲೂ ಹೇಳಲ್ಲ. ಆದರೆ ಮೆಟ್ಟಿಲು ಮೆಟ್ಟಿಲಾಗಿ ಮೇಲಕ್ಕೆ ಹೋಗುತ್ತಾ ಈ ಕಾಡಿನಲ್ಲಿ ಬಲಶಾಲಿ ಯಾರು ಅಂತ ಹುಡುಕುವ ರೀತಿ ನೋಡಿದರೆ ನನಗಂತೂ ಹಾಗೇ ಅನಿಸುತ್ತದೆ, ಎರಡು ಕುಲದ ಇಬ್ಬರು ಎಳೆಯರು ಒಂದೇ ಕಾಡಿನಲ್ಲಿ ಒಂದೇ ಪರೀಕ್ಷೆ ಬರೆಯುತ್ತಿದ್ದಾರೆ, ಇಬ್ಬರಿಗೂ ಗೊತ್ತಿಲ್ಲ ಅಷ್ಟೇ.

ವ್ಯತ್ಯಾಸ ಇರೋದು ಕಲಿಯೋದರಲ್ಲಿ. ಮೊದಲರ್ಧದಲ್ಲಿ ನಾರು ಹುದುಲಿನಲ್ಲಿ ಸಿಕ್ಕಿಕೊಂಡು ಒದ್ದಾಡುವ ದೃಶ್ಯವನ್ನು ಮೊಬೈಲ್ ನೋಡುತ್ತಾ ಕಳೆದುಕೊಳ್ಳಬೇಡಿ. ಕಿತ್ತಳೆ ಬಣ್ಣದ ಹೂವು ತಿಂದರೆ ಮೈ ತಣ್ಣಗಾಗುತ್ತೆ ಅನ್ನೋದನ್ನೂ ನೆನಪಿಟ್ಟುಕೊಳ್ಳಿ, ಪ್ರೆಡೇಟರ್ ಕಣ್ಣಿಗೆ ಕಾಣೋದು ಮೈಶಾಖ ಮಾತ್ರ. ಅವನ ಬಾಣಗಳು ಮುಖವಾಡ ತೋರಿಸಿದ ಕಡೆಗೇ ಹೋಗುತ್ತವೆ ಅಂತ ಅವಳು ಕಂಡುಕೊಳ್ಳುತ್ತಾಳೆ. ಕೊನೆಗೆ ಅದೇ ಹುದುಲು, ಅವನದೇ ಮುಖವಾಡ, ಅವನದೇ ಬಾಣ. ಅವನು ತನ್ನ ಸಾಮಾನುಗಳನ್ನು ಕೊನೆವರೆಗೂ ಬಿಡಲಿಲ್ಲ, ಸತ್ತಿದ್ದು ಅದರಿಂದಲೇ. ನಾರು ಅವನ ಹಸಿರು ರಕ್ತ ಮುಖಕ್ಕೆ ಬಳಿದುಕೊಂಡು, ತಲೆ ಹಿಡಿದು ಊರಿಗೆ ಬರುತ್ತಾಳೆ. ಇಲ್ಲಿ ಗುರುತೂ ಇದೆ, ನೋಡೋಕೆ ಇಡೀ ಕುಲವೂ ಇದೆ. ಇಡೀ ಚಿತ್ರಕ್ಕೆ ಕಮಾಂಚಿ ಭಾಷೆಯ ಡಬ್ಬಿಂಗ್ ಇದೆ, ನಟರೇ ದನಿ ಕೊಟ್ಟಿದ್ದಾರೆ. ಎರಡನೇ ಸಲ ನೋಡುವಾಗ ಅದನ್ನು ಹಾಕಿಕೊಳ್ಳಿ.

ಮೂರನೆಯದು ಅದೇ ನಿರ್ದೇಶಕನ ಪ್ರೆಡೇಟರ್: ಬ್ಯಾಡ್‌ಲ್ಯಾಂಡ್ಸ್, 2025ರ ನವೆಂಬರಿನಲ್ಲಿ ಬಂದದ್ದು. ಇಲ್ಲಿ ಪ್ರೆಡೇಟರೇ ನಾಯಕ. ಡೆಕ್ ಅಂತ ಹೆಸರು, ಮನೆಯಲ್ಲಿ ಚಿಕ್ಕವನು, ಬಲ ಕಡಿಮೆ. ಇವನು ಕುಲಕ್ಕೆ ಅವಮಾನ, ಕೊಂದುಬಿಡು ಅಂತ ಅಪ್ಪ ಅಣ್ಣನಿಗೇ ಹೇಳುತ್ತಾನೆ. ಅಣ್ಣ ಒಪ್ಪಲ್ಲ, ಅಪ್ಪನ ಕೈಯಲ್ಲಿ ಸಾಯುತ್ತಾನೆ. ಡೆಕ್ ಗೆನ್ನಾ ಅನ್ನೋ ಗ್ರಹಕ್ಕೆ ಹೋಗುತ್ತಾನೆ, ಯಾರಿಂದಲೂ ಕೊಲ್ಲಲಾಗದ ಕಾಲಿಸ್ಕ್ ಅನ್ನೋ ಪ್ರಾಣಿಯ ತಲೆ ತರೋಕೆ. ಮೊದಲ ಹತ್ತು ಹದಿನೈದು ನಿಮಿಷ ತಪ್ಪಿಸಬೇಡಿ, ದೀಕ್ಷೆ ಕೊಡುವ ಕುಲ ಎಷ್ಟು ಕ್ರೂರ ಅನ್ನೋದು ಅಲ್ಲೇ ಇದೆ. ಗೆನ್ನಾದಲ್ಲಿ ಹುಲ್ಲೂ ಕೊಲ್ಲುತ್ತದೆ. ಇಲ್ಲಿ ಡೆಕ್ ಕೆಳಗಿಡೋದು ಆಯುಧಕ್ಕಿಂತ ದೊಡ್ಡದನ್ನು, ಒಂಟಿಯಾಗಿ ಬೇಟೆಯಾಡಬೇಕು ಅನ್ನೋ ನಿಯಮವನ್ನೇ. ಸೊಂಟದ ಕೆಳಗೆ ಏನೂ ಇಲ್ಲದ ಥಿಯಾ ಅನ್ನೋ ರೋಬೋಟ್ ಹುಡುಗಿಯನ್ನು ಬೆನ್ನಿಗೆ ಕಟ್ಟಿಕೊಂಡು ಓಡಾಡುತ್ತಾನೆ. ಅವಳು ಬರೀ ಸಾಧನ ಅಂತ ತನಗೆ ತಾನೇ ಹೇಳಿಕೊಳ್ಳುತ್ತಾನೆ ಪಾಪ. ಮಾತು ಜಾಸ್ತಿ, ತಮಾಷೆ ಜಾಸ್ತಿ, ಹಳೇ ಅಭಿಮಾನಿಗಳಿಗೆ ಸ್ವಲ್ಪ ಕಿರಿಕಿರಿ ಆಗಬಹುದು. ನನಗೆ ಇಷ್ಟವಾಯಿತು.

ಈಗ 1987ಕ್ಕೆ ಬನ್ನಿ, ಜಾನ್ ಮೆಕ್‌ಟಿಯರ್ನನ್ ಅವರ ಮೂಲ ಚಿತ್ರ. ಇದರಲ್ಲಿ ದೀಕ್ಷೆಯ ಮಾತೇ ಇಲ್ಲ, ಆದರೆ ನಿಯಮಗಳೆಲ್ಲ ಇಲ್ಲಿಂದಲೇ ಬಂದದ್ದು. ಕೈಯಲ್ಲಿ ಆಯುಧವಿಲ್ಲದ ಸೆರೆಯಾಳು ಆನಾಳನ್ನು ಪ್ರೆಡೇಟರ್ ಮುಟ್ಟಲ್ಲ. ಅವಳು ಬಂದೂಕಿಗೆ ಕೈ ಚಾಚಿದಾಗ ಆರ್ನಾಲ್ಡ್ ಅದನ್ನು ಒದ್ದು ದೂರ ತಳ್ಳೋದು ಅದಕ್ಕೇ. ಕೊನೆಯ ಕಾಳಗಕ್ಕೆ ಮುಂಚೆ ಪ್ರೆಡೇಟರ್ ಭುಜದ ಫಿರಂಗಿ ಕಳಚುತ್ತಾನೆ, ಮುಖವಾಡ ತೆಗೆಯುತ್ತಾನೆ, ಬರಿಗೈಯಲ್ಲಿ ನಿಲ್ಲುತ್ತಾನೆ. 2004ರ ಹುಡುಗರನ್ನು ನೋಡಿ ಬಂದವರಿಗೆ ಈ ದೃಶ್ಯ ಬೇರೆಯೇ ಆಗಿ ಕಾಣುತ್ತದೆ. 1990ರ ಎರಡನೇ ಭಾಗದಲ್ಲಿ ಕೊನೆಯ 15 ನಿಮಿಷ ಸಾಕು. ಲಾಸ್ ಏಂಜಲೀಸ್‌ನ ಪೊಲೀಸ್ ಹ್ಯಾರಿಗನ್ ಗೆದ್ದಾಗ ಇಡೀ ಗುಂಪು ಕಾಣಿಸಿಕೊಂಡು, ಹಿರಿಯ 1715 ಅಂತ ಕೆತ್ತಿದ ಹಳೇ ಪಿಸ್ತೂಲು ಎಸೆಯುತ್ತಾನೆ. ಅದೇ ಪಿಸ್ತೂಲು ಪ್ರೇ ಚಿತ್ರದಲ್ಲೂ ಇದೆ, ನೀವಾಗಲೇ ನೋಡಿರುತ್ತೀರಿ.

2007, 2010, 2018ರವನ್ನು ಈ ವಿಷಯಕ್ಕಾಗಿ ನೋಡಬೇಕಿಲ್ಲ. 2007ರದ್ದಂತೂ ಎಷ್ಟು ಕತ್ತಲು ಅಂದರೆ ಯಾರು ಯಾರನ್ನು ಹೊಡೆದರು ಅಂತಲೇ ತಿಳಿಯಲ್ಲ. ಮಕ್ಕಳ ಜೊತೆ ನೋಡೋದಾದರೆ 2004 ಮತ್ತು 2025ರವು ಅಮೆರಿಕದಲ್ಲಿ ಪಿಜಿ-13 (13ಕ್ಕಿಂತ ಚಿಕ್ಕವರಿಗೆ ಕೆಲವು ಭಾಗ ಹೊಂದದಿರಬಹುದು), ಮೂಲ ಚಿತ್ರ ಮತ್ತು ಪ್ರೇ ಆರ್ (17ಕ್ಕಿಂತ ಚಿಕ್ಕವರ ಜೊತೆ ದೊಡ್ಡವರಿರಬೇಕು). ಪ್ರೇಯಲ್ಲಿ ರಕ್ತ ಚೆನ್ನಾಗಿಯೇ ಹರಿಯುತ್ತದೆ, ಮಕ್ಕಳನ್ನು ಮಲಗಿಸಿ ಹಾಕಿ.

ಇನ್ನೂ ಬೇಕು ಅನಿಸಿದರೆ ಡಾರ್ಕ್ ಹಾರ್ಸ್ ಪ್ರಕಾಶನದವರ ಹಳೇ ಏಲಿಯನ್ಸ್ ವರ್ಸಸ್ ಪ್ರೆಡೇಟರ್ ಕಾಮಿಕ್ಸ್ ಹುಡುಕಿ. ಮಚಿಕೋ ನೊಗುಚಿ ಅನ್ನೋ ಹೆಂಗಸಿಗೆ ಸಾಯುತ್ತಿರುವ ಬೇಟೆಗಾರ ಹಣೆಗೆ ಗುರುತು ಹಾಕುವ ಕಥೆ ಅದರಲ್ಲಿದೆ. ಲೆಕ್ಸ್ ಕೆನ್ನೆಗೆ ಗುರುತು ಬೀಳುವ ಎಷ್ಟೋ ವರ್ಷ ಮೊದಲೇ ಬಂದದ್ದು, ಮತ್ತು ಅವಳು ಆ ಗುರುತು ಹೊತ್ತು ಬೇಟೆಗಾರರ ಜೊತೆಗೇ ಬದುಕೋಕೆ ಹೋಗುತ್ತಾಳೆ, ಸಿನಿಮಾದವರು ಇನ್ನೂ ಅಷ್ಟು ದೂರ ಹೋಗಿಲ್ಲ.