ಕ್ಯಾಂಪಿಗೆ, ತಾಂಡಾಕ್ಕೆ ಫೈಬರ್ ಬೇಕಾ? ಠರಾವಿನಿಂದ ಶುರು ಮಾಡಿ

ಟೆಲಿಕಾಂ ಕಂಪನಿಗಳು ತಮ್ಮ ಆದಾಯದ ಶೇ 5ರಷ್ಟನ್ನು ಕೇಂದ್ರಕ್ಕೆ ಕಟ್ಟುತ್ತವೆ. ಆ ದುಡ್ಡು ಹೋಗುವುದು ಈಗಿನ ಹೆಸರಿನಲ್ಲಿ 'ಡಿಜಿಟಲ್ ಭಾರತ್ ನಿಧಿ'ಗೆ. ಅಂದರೆ ನಮ್ಮ ರೀಚಾರ್ಜಿನ ಪಾಲೂ ಅದರಲ್ಲಿದೆ. ಹಳ್ಳಿಗೆ ಇಂಟರ್‌ನೆಟ್‌ನ ಫೈಬರ್ ಕೇಬಲ್ ಎಳೆಯುವ ಸರ್ಕಾರಿ ಯೋಜನೆ ಭಾರತ್‌ನೆಟ್‌ಗೆ ಹಣ ಬರುವುದು ಅಲ್ಲಿಂದಲೇ. 2023ರ ಆಗಸ್ಟ್‌ನಲ್ಲಿ ಇದಕ್ಕೆ 1,39,579 ಕೋಟಿ ರೂಪಾಯಿ ಮಂಜೂರಾಯಿತು. ನಿರ್ವಹಣೆ ಬಿಎಸ್‌ಎನ್‌ಎಲ್‌ನದು.

ಈ ಅನುದಾನ ನಿಮ್ಮ ಕೈಗೆ ಬರುವುದಿಲ್ಲ, ಕೇಬಲ್ ರೂಪದಲ್ಲಿ ಬರುತ್ತದೆ. ಅದೂ ಪಂಚಾಯಿತಿ ಕೇಂದ್ರದ ತನಕ. ಅದರಾಚೆಯ ಊರುಗಳಿಗೆ ಬೇಡಿಕೆ ಬಂದರೆ ಮಾತ್ರ ಕೊಡುವುದು ಎಂಬ ನಿಯಮವಿದೆ. ಸಿಂಧನೂರು, ಗಂಗಾವತಿ ಕಡೆಯ ಕ್ಯಾಂಪು, ತಾಂಡಾದಂಥ ಸಣ್ಣ ಜನವಸತಿಗಳು ಹಿಂದೆ ಬೀಳುವುದು ಇಲ್ಲೇ. ಕೇಳದಿದ್ದರೆ ಲೆಕ್ಕಕ್ಕೇ ಇಲ್ಲ.

ಮೊದಲು ಪಂಚಾಯಿತಿ ಕಚೇರಿಗೆ ಹೋಗಿ ಗೋಡೆಯ ಮೇಲಿನ ಫೈಬರ್ ಪೆಟ್ಟಿಗೆ ನೋಡಿ. 'ಎಲ್‌ಒಎಸ್' ದೀಪ ಕೆಂಪಗಿದ್ದರೆ ಸಿಗ್ನಲ್ ಬರುತ್ತಿಲ್ಲ, ಎಲ್ಲೋ ಕೇಬಲ್ ತುಂಡಾಗಿರಬಹುದು. ಪೆಟ್ಟಿಗೆಯ ಯಾವ ದೀಪವೂ ಉರಿಯದಿದ್ದರೆ ಕರೆಂಟು, ಬ್ಯಾಟರಿ ವಿಚಾರಿಸಿ. ಇದು ಸರಿಯಾಗದೆ ಮುಂದಿನದನ್ನು ಕೇಳಿ ಏನು ಪ್ರಯೋಜನ, ಅಲ್ವಾ?

ಆಮೇಲೆ ಅಸಲಿ ಕೆಲಸ. ವಾರ್ಡ್ ಸಭೆಯಲ್ಲೇ ವಿಷಯ ಎತ್ತಿ, ಗ್ರಾಮಸಭೆಯಲ್ಲಿ ಠರಾವು ಮಾಡಿಸಿ. 'ನಮ್ಮೂರಿಗೆ ಇಂಟರ್‌ನೆಟ್ ಬೇಕು' ಎಂದಷ್ಟೇ ಸುಮ್ನೆ ಬರೆಸಬೇಡಿ. ಪಂಚಾಯಿತಿಯಿಂದ ಎಷ್ಟು ಕಿಲೋಮೀಟರ್, ಎಷ್ಟು ಮನೆ, ಶಾಲೆ, ಅಂಗನವಾಡಿ, ಹಾಲಿನ ಡೇರಿ ಇವೆಯೇ, ಎಷ್ಟು ಮನೆಯವರು ಕನೆಕ್ಷನ್ ತೆಗೆದುಕೊಳ್ಳಲು ತಯಾರಿದ್ದಾರೆ, ಎಲ್ಲ ಇರಲಿ. ಕ್ಯಾಂಪಿನ ಹೆಸರಿನ ಜೊತೆಗೆ ಅದು ಸೇರುವ ಕಂದಾಯ ಗ್ರಾಮದ ಹೆಸರೂ ಬೇಕು. ಎಷ್ಟೋ ಕ್ಯಾಂಪುಗಳು ಜನರ ಬಾಯಲ್ಲಿವೆ, ಕಾಗದದಲ್ಲಿಲ್ಲ. ನಡಾವಳಿ ಪುಸ್ತಕದಲ್ಲಿ ಠರಾವು ಏರಿದ್ದನ್ನು ಕಣ್ಣಾರೆ ನೋಡಿಯೇ ಎದ್ದು ಬನ್ನಿ.

ಠರಾವಿನ ನಕಲನ್ನು ಬಿಎಸ್‌ಎನ್‌ಎಲ್ ಜಿಲ್ಲಾ ಕಚೇರಿಗೆ, ಇನ್ನೊಂದನ್ನು ಜಿಲ್ಲಾ ಪಂಚಾಯಿತಿಗೆ ಕೊಡಿ. ನಿಮ್ಮ ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಉತ್ತರವೇ ಬರದಿದ್ದರೆ 10 ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಇದೆ. 30 ದಿನದಲ್ಲಿ ಜವಾಬು ಕೊಡಬೇಕು.

ಅಷ್ಟರೊಳಗೆ ವೈಫೈ ಆದರೂ ಸಾಕು ಎನ್ನುವವರಿಗೆ 2020ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಪಡೆದ ಪಿಎಂ-ವಾಣಿ ಎಂಬ ಕೇಂದ್ರದ ಸಾರ್ವಜನಿಕ ವೈಫೈ ಯೋಜನೆ ಇದೆ. ಹತ್ತಿರ ಎಲ್ಲಾದರೂ ಬ್ರಾಡ್‌ಬ್ಯಾಂಡ್ ಇದ್ದರೆ ಕಿರಾಣಿ ಅಂಗಡಿಯವರೂ, ಚಹಾ ಹೋಟೆಲಿನವರೂ ವೈಫೈ ಮಾರಬಹುದು. ಹಾಗೆ ಮಾರುವವರಿಗೆ ಸರ್ಕಾರ ಇಟ್ಟ ಹೆಸರು 'ಪಿಡಿಒ' (ಪಬ್ಲಿಕ್ ಡೇಟಾ ಆಫೀಸ್)! ನಮ್ಮ ಪಂಚಾಯಿತಿ ಪಿಡಿಒ ಸಾಹೇಬರಿಗೂ ಇದಕ್ಕೂ ಸಂಬಂಧವಿಲ್ಲ. ಲೈಸೆನ್ಸ್ ಬೇಡ, ನೋಂದಣಿ ಶುಲ್ಕವೂ ಇಲ್ಲ. 'ವೈಫೈ ಹಾಕಿಸುತ್ತೇವೆ, ತಿಂಗಳ ಬಾಡಿಗೆ ಕೊಡುತ್ತೇವೆ, ಮೊದಲು ರಿಜಿಸ್ಟ್ರೇಷನ್ ಫೀ ಕಟ್ಟಿ' ಎಂದು ಯಾರಾದರೂ ಫೋನ್ ಮಾಡಿದರೆ ಅದು ಮೋಸ. ಇಟ್ಟುಬಿಡಿ.

ಫೈಬರ್ ಬಂದ ಮೇಲೆ ಅದಕ್ಕೆ ದೊಡ್ಡ ಶತ್ರು ಜೆಸಿಬಿ. ನೀರಿನ ಪೈಪಿಗೋ ರಸ್ತೆಗೋ ನೆಲ ಅಗೆಯಲು ಬಂದವರಿಗೆ ಕೇಬಲ್ ಹೋದ ಜಾಗ ತೋರಿಸಿ. ಗುತ್ತಿಗೆದಾರರು ಅಗೆಯುವ ಮುಂಚೆ ತಿಳಿಸಲೆಂದೇ 'ಕಾಲ್ ಬಿಫೋರ್ ಯು ಡಿಗ್' ಎಂಬ ಆ್ಯಪ್ 2023ರಿಂದ ಇದೆ. ಅದನ್ನು ಬಳಸಿದ್ದೀರಾ ಎಂದು ಗಾಡಿ ನಿಲ್ಲಿಸಿ ಕೇಳಿ.