ಜೂನ್ 6 ತಪ್ಪಿದ್ದರೆ: ಒಂದು ಕವಲು ಬರೆದ ನನ್ನ ಅನುಭವ

ಎರಡನೇ ಮಹಾಯುದ್ಧದ ಬಗ್ಗೆ ‘ಹೀಗಾಗಿದ್ದರೆ’ ಅಂತ ಬರೆಯಲು ಕೂತಾಗ ನಾನು ಮೊದಲು ಮಾಡಿದ್ದು ಜರ್ಮನಿಯನ್ನು ಗೆಲ್ಲಿಸುವ ಕೆಲಸ. 1940ರ ಸೆಪ್ಟೆಂಬರ್. ಜರ್ಮನ್ ಸೈನ್ಯ ಇಂಗ್ಲಿಷ್ ಚಾನಲ್ ದಾಟುತ್ತದೆ, ಲಂಡನ್ ಬೀಳುತ್ತದೆ. ನಲವತ್ತು ಪುಟ ಸರಸರ ಬಂತು. ಓದಲು ಕೊಟ್ಟ ಗೆಳೆಯ ಒಂದೇ ಪ್ರಶ್ನೆ ಕೇಳಿದ: "ದಾಟಿದ್ದು ಯಾವುದರಲ್ಲಿ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಹುಡುಕಲು ಹೊರಟೆ. ಜರ್ಮನಿ ಕೂಡಿಸಿಟ್ಟಿದ್ದು ಹೆಚ್ಚಾಗಿ ರೈನ್‌ನಂಥ ನದಿಗಳಲ್ಲಿ ಸರಕು ಸಾಗಿಸುವ ದೋಣಿಗಳನ್ನು. ಬಹಳಷ್ಟಕ್ಕೆ ಎಂಜಿನ್ನೇ ಇರಲಿಲ್ಲ, ಬೇರೆ ಹಡಗು ಎಳೆದುಕೊಂಡು ಹೋಗಬೇಕು. ಅವುಗಳನ್ನು ಕಾಯಲು ಬೇಕಾದ ಡಿಸ್ಟ್ರಾಯರ್ ಎಂಬ ವೇಗದ ಯುದ್ಧನೌಕೆಗಳಲ್ಲಿ ಹತ್ತು ಅದೇ ವರ್ಷದ ಏಪ್ರಿಲ್‌ನಲ್ಲಿ ನಾರ್ವೆಯ ನಾರ್ವಿಕ್‌ನಲ್ಲಿ ಮುಳುಗಿದ್ದವು. ಅಂದರೆ ಇದ್ದದ್ದರಲ್ಲಿ ಸುಮಾರು ಅರ್ಧ. ಆಚೆ ದಡದಲ್ಲಿ ಬ್ರಿಟನ್ನಿನ ದೊಡ್ಡ ನೌಕಾಪಡೆ ಕಾದಿತ್ತು. 1974ರಲ್ಲಿ ಬ್ರಿಟನ್ನಿನ ಸ್ಯಾಂಡ್‌ಹರ್ಸ್ಟ್ ಮಿಲಿಟರಿ ಅಕಾಡೆಮಿಯಲ್ಲಿ ಈ ದಾಳಿಯನ್ನು ಒಂದು ಯುದ್ಧದಾಟವಾಗಿ ಆಡಿ ನೋಡಿದ್ದರು. ತೀರ್ಪುಗಾರರಲ್ಲಿ ಎರಡೂ ದೇಶಗಳ ಹಳೆಯ ಅಧಿಕಾರಿಗಳಿದ್ದರು. ಮೊದಲ ಪಡೆ ದಡ ಸೇರಿತು. ಆಮೇಲೆ ಬ್ರಿಟಿಷ್ ಹಡಗುಗಳು ಬಂದವು, ಹಿಂದಿನಿಂದ ಬರಬೇಕಾದ ಸರಬರಾಜು ನಿಂತುಹೋಯಿತು, ದಾಳಿ ಸೋತಿತು.

ನನ್ನ ನಲವತ್ತು ಪುಟ ‘ಅತ್ತೆಗೆ ಮೀಸೆ ಬಂದರೆ’ ಅನ್ನುವ ಲೆಕ್ಕದ್ದು ಅಂತ ಆಗ ಗೊತ್ತಾಯಿತು. ಜರ್ಮನಿ ಗೆಲ್ಲಬೇಕಾದರೆ ಹತ್ತು ಡಿಸ್ಟ್ರಾಯರ್ ಬದುಕಬೇಕು, ದೋಣಿಗಳಿಗೆ ಎಂಜಿನ್ ಬರಬೇಕು, ಬ್ರಿಟಿಷ್ ವಿಮಾನಪಡೆ ಸೋಲಬೇಕು. ಅಷ್ಟೆಲ್ಲ ಬದಲಾಯಿಸಿದ ಮೇಲೆ ಅದು ನಮಗೆ ಗೊತ್ತಿರುವ ಯುದ್ಧವೇ ಅಲ್ಲ, ಅಲ್ವಾ?

ಅವತ್ತು ನನಗೆ ನಾನೇ ಒಂದು ಕಟ್ಟು ಹಾಕಿಕೊಂಡೆ. ಇಡೀ ಕಥೆಯಲ್ಲಿ ನಾನು ಹೇಳಬಹುದಾದ ಸುಳ್ಳು ಒಂದೇ. ಅದೂ ಆದಷ್ಟು ಸಣ್ಣದಿರಬೇಕು. ಕವಲು ಒಡೆಯುವುದು ಅಲ್ಲೊಂದೇ ಕಡೆ. ಅಲ್ಲಿಂದ ಮುಂದೆ ಕಡಲು, ಚಂದ್ರ, ಪೆಟ್ರೋಲು, ರೈಲುಹಳಿ ಎಲ್ಲ ಇದ್ದ ಹಾಗೇ ಇರಬೇಕು.

ಅಂಥ ಸಣ್ಣ ಜಾಗ ಹುಡುಕಲು ತಿಂಗಳುಗಟ್ಟಲೆ ಹಿಡಿಯಿತು. ಕೊನೆಗೆ ಸಿಕ್ಕಿದ್ದು ಒಂದು ಬ್ಯಾರೋಮೀಟರ್.

ಐರ್ಲೆಂಡಿನ ಪಶ್ಚಿಮದ ತುದಿಯಲ್ಲಿ ಬ್ಲ್ಯಾಕ್‌ಸಾಡ್ ಅಂತ ಒಂದು ಜಾಗ. ಅಲ್ಲಿಯ ಅಂಚೆ ಕಚೇರಿಯಲ್ಲಿ ಮೌರೀನ್ ಫ್ಲ್ಯಾವಿನ್ ಎಂಬ ತರುಣಿ ಕೆಲಸ ಮಾಡುತ್ತಿದ್ದರು. ಗಂಟೆಗಂಟೆಗೂ ಹವಾಮಾನದ ಅಳತೆ ತೆಗೆದು ಕಳಿಸುವುದೂ ಆ ಕೆಲಸದಲ್ಲೇ ಸೇರಿತ್ತು. ಐರ್ಲೆಂಡ್ ಯುದ್ಧದಲ್ಲಿ ಯಾರ ಪಕ್ಷವೂ ಅಲ್ಲ. ಆದರೂ ಆ ಅಂಕಿಗಳು ಬ್ರಿಟನ್ನಿಗೆ ಹೋಗುತ್ತಿದ್ದವು. 1944ರ ಜೂನ್ 3, ಅವರ 21ನೇ ಹುಟ್ಟುಹಬ್ಬದ ದಿನ. ನಡುರಾತ್ರಿ ಕಳೆದ ಮೇಲೆ ನೋಡಿದರೆ ಬ್ಯಾರೋಮೀಟರಿನಲ್ಲಿ ಗಾಳಿಯ ಒತ್ತಡ ಬೇಗ ಬೇಗ ಇಳಿಯುತ್ತಿತ್ತು. ಅಟ್ಲಾಂಟಿಕ್ ಕಡೆಯಿಂದ ಬಿರುಗಾಳಿ ಬರುತ್ತಿದೆ ಅಂತ ಅರ್ಥ. ಜರ್ಮನಿ ಹಿಡಿದಿದ್ದ ಫ್ರಾನ್ಸನ್ನು ಬಿಡಿಸಲು ಬ್ರಿಟನ್, ಅಮೆರಿಕ ಮುಂತಾದ ಮಿತ್ರರಾಷ್ಟ್ರಗಳು ಕಡಲಿನಿಂದ ನಾರ್ಮಂಡಿ ದಂಡೆಗೆ ಇಳಿಯುವ ದಾಳಿ ಆಗ ಜೂನ್ 5ಕ್ಕೆ ನಿಗದಿಯಾಗಿತ್ತು.

ಈ ಅಂಕಿಗಳು ಹೋಗಿ ಸೇರಿದ್ದು ಹವಾಮಾನದ ಮುಖ್ಯ ಸಲಹೆಗಾರ ಜೇಮ್ಸ್ ಸ್ಟ್ಯಾಗ್ ಅವರ ಮೇಜಿಗೆ. ಅವರ ಕೆಳಗೆ ಮೂರು ತಂಡಗಳಿದ್ದವು. ಒಂದು ಅಮೆರಿಕನ್ನರದ್ದು, ಒಂದು ಬ್ರಿಟಿಷ್ ಹವಾಮಾನ ಇಲಾಖೆಯದ್ದು, ಇನ್ನೊಂದು ನೌಕಾಪಡೆಯದ್ದು. ನೋಡುತ್ತಿದ್ದದ್ದು ಒಂದೇ ಆಕಾಶ, ಆದರೆ ಮೂವರೂ ಒಂದೇ ಮಾತು ಹೇಳುತ್ತಿರಲಿಲ್ಲ. ಜೂನ್ 5ಕ್ಕೇ ಹೋಗಬಹುದು ಅಂತ ಅಮೆರಿಕನ್ ತಂಡ, ಬೇಡವೇ ಬೇಡ ಅಂತ ಬ್ರಿಟಿಷ್ ತಂಡ.

ಇಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಕಿಟಕಿ. ಪೋರ್ಟ್ಸ್‌ಮತ್ ಹತ್ತಿರದ ಸೌತ್‌ವಿಕ್ ಹೌಸ್‌ನಲ್ಲಿ ಜೂನ್ 4ರ ನಸುಕಿನಲ್ಲಿ ಮಿತ್ರಸೇನೆಯ ಮುಖ್ಯ ದಂಡನಾಯಕ ಐಸೆನ್‌ಹೋವರ್ ದಾಳಿಯನ್ನು ಒಂದು ದಿನ ಮುಂದೂಡಿದರು. ಆಗ ಹೊರಗೆ ಆಕಾಶ ಹೆಚ್ಚುಕಡಿಮೆ ತಿಳಿಯಾಗಿತ್ತು. ಅದೇ ರಾತ್ರಿ ಸ್ಟ್ಯಾಗ್ ಬಂದು, ಮಧ್ಯೆ ಸ್ವಲ್ಪ ಹೊತ್ತು ಬಿಡುವು ಸಿಗುತ್ತದೆ, ಜೂನ್ 6ಕ್ಕೆ ಹೋಗಬಹುದು ಅಂದಾಗ ಮಳೆ ಅದೇ ಕಿಟಕಿಗೆ ರಪರಪ ಬಡಿಯುತ್ತಿತ್ತು. ಎರಡು ಸಲವೂ ಆ ಕೋಣೆಯಲ್ಲಿದ್ದವರು ಕಣ್ಣಿಗೆ ಕಂಡ ಆಕಾಶ ಬಿಟ್ಟು ಕಾಗದದ ಮೇಲಿನ ಅಂಕಿಯನ್ನು ನಂಬಿದರು.

ನನ್ನ ಒಂದು ಸುಳ್ಳು ಇಲ್ಲಿದೆ. ನನ್ನ ಕಥೆಯಲ್ಲಿ ಎರಡನೇ ಸಲ ಅವರು ಕಿಟಕಿಯನ್ನೇ ನಂಬುತ್ತಾರೆ. ಅಷ್ಟೇ.

ಆಮೇಲೆ ಒಂದು ನೋಟ್‌ಬುಕ್ ತೆಗೆದುಕೊಂಡೆ. ಎಡಗಡೆ ಪುಟದಲ್ಲಿ ನಿಜವಾಗಿ ನಡೆದದ್ದು, ಬಲಗಡೆ ಪುಟದಲ್ಲಿ ನನ್ನದು. ಒಂದು ದಿನಕ್ಕೆ ಒಂದು ಜೋಡಿ ಪುಟ. ಎಡಗಡೆ ತುಂಬದೆ ಬಲಗಡೆ ಪೆನ್ನು ಇಡುವಂತಿಲ್ಲ. ಈ ಕೆಲಸ ನಿಧಾನ, ಆದರೆ ನನಗೆ ಇದಕ್ಕಿಂತ ಒಳ್ಳೆಯ ದಾರಿ ಇನ್ನೂ ಸಿಕ್ಕಿಲ್ಲ.

ಜೂನ್ 6 ತಪ್ಪಿದರೆ ಮುಂದೆ ಯಾವಾಗ? ಅದು ಐಸೆನ್‌ಹೋವರ್ ಕೈಯಲ್ಲೂ ಇರಲಿಲ್ಲ, ನನ್ನ ಕೈಯಲ್ಲೂ ಇಲ್ಲ. ಜರ್ಮನ್ ಸೇನಾನಿ ರೊಮೆಲ್ ದಂಡೆಯ ಉದ್ದಕ್ಕೂ ಉಕ್ಕಿನ ತಡೆ, ಮೈನ್ ಕಟ್ಟಿದ ಮರದ ಗೂಟ ನೆಡಿಸಿದ್ದರು. ನೀರು ಇಳಿದಿದ್ದಾಗ ಹೋದರೆ ಮಾತ್ರ ಅವು ಕಾಣುತ್ತವೆ. ಹಾಗಾಗಿ ಬೆಳಕು ಹರಿದ ಸ್ವಲ್ಪ ಹೊತ್ತಿಗೇ ಕಡಲು ಇಳಿದಿರಬೇಕು. ಹಿಂದಿನ ರಾತ್ರಿ ಪ್ಯಾರಾಚೂಟ್ ಪಡೆಗೆ ಬೆಳದಿಂಗಳೂ ಬೇಕು. ಜೂನ್ 6 ಹುಣ್ಣಿಮೆ. ಕಡಲು ಮತ್ತೆ ಹಾಗೆ ಹೊಂದಿಬರುವುದು ಜೂನ್ 19ರ ಸುಮಾರಿಗೆ, ಆದರೆ ಅದು ಅಮಾವಾಸ್ಯೆಯ ಆಸುಪಾಸು.

ಸರಿ, ಜೂನ್ 19ಕ್ಕೆ ಬರೆಯತೊಡಗಿದೆ. ಮೊದಲ ಅಧ್ಯಾಯ ನಾರ್ಮಂಡಿಯ ಕಾಂ ಕಾಲುವೆಯ ಸೇತುವೆಯದ್ದು. ನಿಜದಲ್ಲಿ ಜೂನ್ 6ರ ನಡುರಾತ್ರಿ ಹನ್ನೆರಡು ದಾಟಿ ಕೆಲವೇ ನಿಮಿಷಕ್ಕೆ ಮೇಜರ್ ಜಾನ್ ಹೊವರ್ಡ್ ಅವರ ತಂಡ ಮರದ ಗ್ಲೈಡರ್‌ಗಳಲ್ಲಿ ಸದ್ದಿಲ್ಲದೆ ಬಂದು ಆ ಸೇತುವೆಯ ಪಕ್ಕದಲ್ಲೇ ಇಳಿಯಿತು. ಮೊದಲ ಗ್ಲೈಡರ್ ನಿಂತದ್ದು ಸೇತುವೆಯಿಂದ ಐವತ್ತು ಮೀಟರಿನಷ್ಟು ದೂರದಲ್ಲಿ. ಸುಮಾರು ಹತ್ತು ನಿಮಿಷದಲ್ಲಿ ಸೇತುವೆ ಕೈಗೆ ಬಂತು. ಗ್ಲೈಡರ್‌ಗೆ ಎಂಜಿನ್ ಇಲ್ಲ, ಗುರಿ ತಪ್ಪಿದರೆ ಮತ್ತೆ ಮೇಲೇರುವಂತಿಲ್ಲ. ಪೈಲಟ್ ಹತ್ತಿರ ದಿಕ್ಸೂಚಿ ಮತ್ತು ಸ್ಟಾಪ್‌ವಾಚ್ ಇತ್ತು. ಕೊನೆಯ ಗಳಿಗೆಯಲ್ಲಿ ಬೆಳದಿಂಗಳಲ್ಲಿ ಕಾಲುವೆಯ ನೀರು ಕಾಣಿಸಿತು. ನಾನು ಆ ಬೆಳದಿಂಗಳನ್ನು ತೆಗೆದುಬಿಟ್ಟೆ. ಅದೇ ಮನುಷ್ಯ, ಅದೇ ದಿಕ್ಸೂಚಿ, ಅದೇ ಎಣಿಕೆ. ಆದರೆ ಕೆಳಗೆ ಬರೀ ಕತ್ತಲು. ನಾಲ್ಕು ಸಲ ಬರೆದೆ. ನಾಲ್ಕನೇ ಸಲ ಗ್ಲೈಡರ್‌ನ ಮರದ ನೆಲ ಕಿರುಗುಟ್ಟಿದ್ದು ನನ್ನ ಕಿವಿಗೇ ಕೇಳಿಸಿದ ಹಾಗಾಯಿತು.

ಆ ಅಧ್ಯಾಯವನ್ನು ಪೂರ್ತಿ ತೆಗೆದುಹಾಕಬೇಕಾಯಿತು. ಕಾರಣ ಎಡಗಡೆ ಪುಟ.

ಜೂನ್ 19ರಂದು ಚಾನಲ್‌ನಲ್ಲಿ ದೊಡ್ಡ ಬಿರುಗಾಳಿ ಎದ್ದಿತು. 22ರವರೆಗೂ ಬಿಡಲಿಲ್ಲ. ದಡಕ್ಕೆ ಸಾಮಾನು ಇಳಿಸಲು ಕಟ್ಟಿದ್ದ ಎರಡು ಕೃತಕ ಬಂದರುಗಳಲ್ಲಿ ಸೇಂಟ್ ಲೊರಾಂನ ಅಮೆರಿಕನ್ ಬಂದರು ಪುಡಿಯಾಯಿತು. ಆರೊಮಾಂಶ್‌ನ ಬ್ರಿಟಿಷ್ ಬಂದರು ಪೆಟ್ಟು ತಿಂದು ಉಳಿದುಕೊಂಡಿತು. ನೂರಾರು ದೋಣಿಗಳು ದಡಕ್ಕೆ ಅಪ್ಪಳಿಸಿದವು. ನಿಜದಲ್ಲಿ ಅಷ್ಟು ಹೊತ್ತಿಗೆ 5 ಲಕ್ಷಕ್ಕೂ ಹೆಚ್ಚು ಸೈನಿಕರು ಫ್ರಾನ್ಸಿನ ನೆಲದ ಮೇಲಿದ್ದರು. ನನ್ನ ಕಥೆಯಲ್ಲಿ ಅವರು ಇನ್ನೂ ನೀರಿನ ಮೇಲೆ.

ಒಂದು ವಾರ ನಾನು ಆ ದುರಂತವನ್ನೇ ಬರೆದೆ. ಓದುವವರ ಮೈ ಜುಮ್ಮೆನ್ನುವಂಥ ಪುಟಗಳು. ಅದೇ ಗೆಳೆಯ ಓದಿ, "ಜೂನ್ 4ಕ್ಕೆ ಅಷ್ಟು ಎಚ್ಚರ ಇದ್ದ ಮನುಷ್ಯ 19ಕ್ಕೆ ಹೇಗೆ ಮೈಮರೆತ?" ಅಂದ. ಸರಿಯಾದ ಮಾತು. ಬಿರುಗಾಳಿಗೆ ಹೆದರಿ ಒಮ್ಮೆ ನಿಲ್ಲಿಸಿದವರು ಗಾಳಿ ಏಳುವುದು ಕಂಡರೆ ಮತ್ತೆ ನಿಲ್ಲಿಸುತ್ತಾರೆ. ದುರಂತ ಬೇಕಾಗಿದ್ದದ್ದು ನನಗೆ. ಅವರಿಗಲ್ಲ. ನಾನು ಸುಮ್ನೆ ಎರಡನೇ ಸುಳ್ಳು ಸೇರಿಸಿದ್ದೆ.

ಬಿರುಗಾಳಿಯನ್ನೇ ತೆಗೆದುಬಿಡು, ಒಂದು ಬದಲಾದರೆ ಎಲ್ಲವೂ ಬದಲಾಗುತ್ತದಲ್ಲ ಅಂತ ಕೆಲವರು ಹೇಳಿದರು. ನಾನು ಒಪ್ಪಲಿಲ್ಲ. ಕೋಣೆಯಲ್ಲಿ ಕೂತ ಕೆಲವರು ಬೇಡ ಅಂದ ಮಾತ್ರಕ್ಕೆ ಅಟ್ಲಾಂಟಿಕ್ ಮೇಲಿನ ಮೋಡ ದಾರಿ ಬದಲಿಸಿದರೆ, ಆಮೇಲೆ ಬರೆಯುವವನು ಏನು ಬೇಕಾದರೂ ಮಾಡಬಹುದು.

ಹಾಗಾಗಿ ದಾಳಿ ಮತ್ತೆ ಮುಂದಕ್ಕೆ ಹೋಯಿತು. ಹುಣ್ಣಿಮೆಯೂ ಕಡಲೂ ಮತ್ತೆ ಒಟ್ಟಿಗೆ ಸಿಗುವುದು ಜುಲೈ ಮೊದಲ ವಾರದಲ್ಲಿ. ನೋಟ್‌ಬುಕ್ಕಿನಲ್ಲಿ ಜುಲೈ 5 ಅಂತ ಗುರುತು ಹಾಕಿದೆ. ಕೆಲವು ವಾರದ ನಂತರ ಐಸೆನ್‌ಹೋವರ್ ಬರೆದಿಟ್ಟ ಒಂದು ಚೀಟಿಯ ಫೋಟೊ ನೋಡಿದೆ. ದಾಳಿ ಸೋತರೆ ಹೊರಗೆ ಹೇಳಲು ಅಂತ ಜೂನ್ 5ರಂದು ಪೆನ್ಸಿಲ್‌ನಲ್ಲಿ ಬರೆದು ಪರ್ಸಿನಲ್ಲಿಟ್ಟುಕೊಂಡಿದ್ದು. ತಪ್ಪೇನಿದ್ದರೂ ಅದು ನನ್ನೊಬ್ಬನದೇ ಅನ್ನುವ ಅರ್ಥದ ನಾಲ್ಕು ಸಾಲು. ಕೆಳಗೆ ತಾರೀಖು ಹಾಕುವಾಗ ಕೈತಪ್ಪಿ ಬರೆದಿದ್ದಾರೆ: ಜುಲೈ 5. ಎಷ್ಟು ದಣಿದಿದ್ದರೋ ಆ ಮನುಷ್ಯ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಲ್ಲಿಯವರೆಗೂ ಅವರು ನನಗೆ ನಕ್ಷೆಯ ಮುಂದೆ ನಿಂತ ಒಂದು ಹೆಸರು ಅಷ್ಟೇ ಆಗಿದ್ದರು.

ಒಂದು ತಿಂಗಳು ತಡವಾದರೆ ಏನೆಲ್ಲ ಅಲುಗಾಡುತ್ತದೆ? ಜೂನ್ 6ರಂದು ಹವಾಮಾನ ಕೆಟ್ಟಿದೆ ಅಂತ ನಂಬಿ ರೊಮೆಲ್ ಹೆಂಡತಿಯ ಹುಟ್ಟುಹಬ್ಬಕ್ಕೆ ಜರ್ಮನಿಯ ಮನೆಗೆ ಹೋಗಿದ್ದರು. ಹಲವು ಅಧಿಕಾರಿಗಳು ಯುದ್ಧದಾಟಕ್ಕೆ ಅಂತ ರೆನ್ ಊರಿನ ಕಡೆ ಹೊರಟಿದ್ದರು. ಜುಲೈನಲ್ಲಿ ಆ ಅದೃಷ್ಟ ಇಲ್ಲ. ದಂಡೆಯಲ್ಲಿ ಗೂಟ, ಮೈನ್ ಇನ್ನೂ ಜಾಸ್ತಿ. ಇತ್ತ ಇಂಗ್ಲೆಂಡಿನಲ್ಲಿ ಎಲ್ಲಿ ಇಳಿಯುತ್ತೇವೆ ಅಂತ ತಿಳಿದ ಸಾವಿರಾರು ಸೈನಿಕರನ್ನು ಒಂದು ತಿಂಗಳು ಬೇಲಿಯೊಳಗೆ ಕೂಡಿಡಬೇಕು. ಜೂನ್ 13ರಿಂದ ಲಂಡನ್ ಮೇಲೆ ವಿ-1 ಹಾರುಬಾಂಬ್ ಬೀಳಲು ಶುರುವಾಗುತ್ತದೆ. ಇಷ್ಟೆಲ್ಲ ಇದ್ದರೂ ನನ್ನ ಲೆಕ್ಕದಲ್ಲಿ ದಾಳಿ ಗೆಲ್ಲುತ್ತದೆ. ಆಕಾಶ ಪೂರ್ತಿ ಮಿತ್ರರಾಷ್ಟ್ರಗಳ ಕೈಯಲ್ಲಿತ್ತು. ಆದರೆ ಸಾಯುವವರು ಹೆಚ್ಚು.

ಪೂರ್ವದ ಕಡೆ ನನ್ನ ಲೆಕ್ಕ ಮೊದಲು ತಪ್ಪಿತ್ತು. ಜೂನ್ 22ಕ್ಕೆ ಸೋವಿಯತ್ ಸೈನ್ಯ ಬೆಲರೂಸ್‌ನಲ್ಲಿ ದೊಡ್ಡ ದಾಳಿ ಆರಂಭಿಸಿತು, ಜುಲೈ 3ಕ್ಕೆ ಮಿನ್ಸ್ಕ್ ಬಿಡಿಸಿತು. ಅದು ಹಾಗೇ ನಡೆಯುತ್ತದೆ ಅಂತ ಬಲಗಡೆ ನಕಲು ಮಾಡಿಬಿಟ್ಟಿದ್ದೆ. ಆಮೇಲೆ ಹೊಳೆಯಿತು. ನಾರ್ಮಂಡಿಯಲ್ಲಿ ಮಿತ್ರಸೇನೆ ಇಳಿದ ಕಾರಣಕ್ಕೇ ಹಿಟ್ಲರ್ ನಾಜಿ ಪಕ್ಷದ ಸ್ವಂತ ಪಡೆಯಾದ ಎಸ್‌ಎಸ್‌ನ ಎರಡು ಟ್ಯಾಂಕ್ ಡಿವಿಷನ್‌ಗಳನ್ನು ಪೂರ್ವದಿಂದ ಫ್ರಾನ್ಸಿಗೆ ಕರೆಸಿದ್ದು. ನನ್ನ ಕಥೆಯಲ್ಲಿ ಅವು ಅಲ್ಲೇ ಉಳಿಯುತ್ತವೆ. ಹಾಗಾದರೆ ಸೋವಿಯತ್ ಸೈನ್ಯವೂ ನಿಧಾನವಾಗುತ್ತದೆ. ನಾಲ್ಕು ಅಧ್ಯಾಯ ತಿದ್ದಿದೆ.

ಓದುಗರು ಜಾಸ್ತಿ ಕೇಳುವುದು ಅಣುಬಾಂಬಿನ ಬಗ್ಗೆ. ಜರ್ಮನಿ ಶರಣಾದದ್ದು 1945ರ ಮೇ ತಿಂಗಳಲ್ಲಿ, ಬಾಂಬಿನ ಮೊದಲ ಪರೀಕ್ಷೆ ನಡೆದದ್ದು ಅದೇ ವರ್ಷದ ಜುಲೈ 16ಕ್ಕೆ. ಯುದ್ಧ ಎಳೆದರೆ ಬರ್ಲಿನ್ ಮೇಲೆ ಬೀಳುತ್ತಿತ್ತಾ? ನಾನು ಬರೆಯಲಿಲ್ಲ. ಒಂದು ತಿಂಗಳ ತಡದಿಂದ ಅಲ್ಲಿಗೆ ಹೋಗಲು ನಡುವೆ ಇನ್ನೂ ಎಷ್ಟೋ ಊಹೆ ಬೇಕು.

ನಾನು ಕೊನೆಗೆ ಹೋಗಿ ನಿಂತದ್ದು ಪ್ಯಾರಿಸ್ ಪಕ್ಕದ ಡ್ರಾನ್ಸಿಯಲ್ಲಿ. ಫ್ರಾನ್ಸಿನ ಯಹೂದಿಗಳನ್ನು ಹಿಡಿದು ಆಶ್ವಿಟ್ಸ್‌ನ ಸಾವಿನ ಶಿಬಿರಕ್ಕೆ ಕಳಿಸುವ ಮೊದಲು ಕೂಡಿಹಾಕುತ್ತಿದ್ದ ಶಿಬಿರ ಅದು. 1944ರ ಜುಲೈ 31ಕ್ಕೆ ಅಲ್ಲಿಯ ಸುಮಾರು 1,300 ಜನರನ್ನು ತುಂಬಿಕೊಂಡು ಹತ್ತಿರದ ಬೊಬಿನಿ ಸ್ಟೇಷನ್ನಿನಿಂದ ಒಂದು ರೈಲು ಹೊರಟಿತು. ಅವರಲ್ಲಿ 300ಕ್ಕೂ ಹೆಚ್ಚು ಮಕ್ಕಳು. ದೊಡ್ಡ ರೈಲುಗಳಲ್ಲಿ ಅದೇ ಕೊನೆಯದು. ಮಿತ್ರಸೇನೆ ಹತ್ತಿರ ಬರುತ್ತಿದ್ದ ಹಾಗೆ ಆಗಸ್ಟ್ 17ಕ್ಕೆ ಶಿಬಿರದ ಜರ್ಮನ್ ಅಧಿಕಾರಿಗಳು ಓಡಿಹೋದರು. ಮರುದಿನ ಅಲ್ಲಿ ಉಳಿದಿದ್ದ 1,400ಕ್ಕೂ ಹೆಚ್ಚು ಜನ ಬಿಡುಗಡೆಯಾದರು. 25ಕ್ಕೆ ಪ್ಯಾರಿಸ್ ಬಿಡುಗಡೆಯಾಯಿತು.

ನಾಲ್ಕು ವಾರ ಕೂಡಿಸಿದರೆ ಏನಾಗುತ್ತದೆ ಅಂತ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಎರಡು ವರ್ಷದಿಂದ ಟ್ಯಾಂಕು, ಬಂದರು, ಡಿವಿಷನ್ ಅಂತ ಬರೆಯುತ್ತಿದ್ದೆ. ಆ ಪುಟ ಬಂದಾಗ ಪೆನ್ನು ಕೆಳಗಿಟ್ಟೆ. ಆ ಜನ ನಿಜವಾಗಿ ಬದುಕಿದವರು, ಮನೆಗೆ ಹೋದವರು. ಅವರನ್ನು ನನ್ನ ಒಂದು ‘ಆಗಿದ್ದರೆ’ಗಾಗಿ ರೈಲು ಹತ್ತಿಸುವ ಹಕ್ಕು ನನಗಿದೆಯಾ? ಅದನ್ನು ಬಿಟ್ಟು ಪ್ಯಾರಿಸ್ಸಿನ ವಿಜಯ ಮೆರವಣಿಗೆ ಬರೆಯಬಹುದಿತ್ತು. ಆದರೆ ಎಡಗಡೆ ತುಂಬಿದ ಮೇಲೆ ಬಲಗಡೆ ತುಂಬಲೇಬೇಕು ಅಂತ ಕಟ್ಟು ಹಾಕಿಕೊಂಡವನು ನಾನೇ. ಆ ಅಧ್ಯಾಯದಲ್ಲಿ ಯಾರಿಗೂ ಹೆಸರಿಡಲಿಲ್ಲ, ಯಾರ ಬಾಯಿಗೂ ಮಾತು ಹಾಕಲಿಲ್ಲ. ರೈಲನ್ನೂ ತೋರಿಸಲಿಲ್ಲ. ಬಲಗಡೆ ಪುಟದಲ್ಲಿ ಈಗಲೂ ಇರುವುದು ಮೂರು ಸಾಲು.

ಆಗಸ್ಟ್ 18, ಶುಕ್ರವಾರ. ಬೆಳಿಗ್ಗೆ ಹಾಜರಿ ಕರೆಯುತ್ತಿದ್ದಾರೆ. ಬೊಬಿನಿ ಸ್ಟೇಷನ್ನಿಗೆ ಹೋಗುವ ಬಸ್ಸುಗಳು ಅಂಗಳಕ್ಕೆ ಬಂದು ನಿಂತಿವೆ.